ನಿಮ್ಮವನಾ ಎಂದು ಕೇಳಿದಾಗ

ನನ್ನ ಮಗ ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಎಂದರೆ ಮೈಸೂರಿನಲ್ಲಿರುವ ನನ್ನ ಅಣ್ಣಂದಿರು ಈಗಲೂ ದುಂಡನೆಯ ಚೆಂಡಿನ ಆಟವೆಂದೇ ತಿಳಿಯುತ್ತಾರೆ. ಅಮೆರಿಕದವರು ಫುಟ್‌ಬಾಲ್ ಎನ್ನುವುದೇ ಬೇರೆ. ಎರಡು ತುದಿಯೂ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು; ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡವುವ ಆಟ. ನನ್ನ ಮಗ ಯಾರನ್ನೂ ಕೆಡವುತ್ತಿರಲಿಲ್ಲ. ಅವನು ಕಿಕ್ಕರ್. ಮೂರು ಗಂಟೆಗೂ ಮೀರಿ ನಡೆಯುವ ಆಟದಲ್ಲಿ ಐದಾರು ಸಲ ಮೈದಾನಕ್ಕೆ ಬಂದು, ಇನ್ನೊಬ್ಬ ನೆಲಕ್ಕೆ ಊರಿ ಹಿಡಿದ ಚೆಂಡನ್ನು ಒದ್ದು, ಎರಡು ಕಂಬಗಳ ನಡುವೆ ದಾಟಿಸಿ, ಮತ್ತೆ ಬೆಂಚಿಗೆ ಹೋಗಿ ಕೂರುತ್ತಿದ್ದ. ದಾಟಿದರೆ ಮೂರು ಅಂಕ. ದಾಟದಿದ್ದರೆ ಆ ಊರು ಅವನ ಬೆನ್ನಿನ ಮೇಲಿನ ನಂಬರನ್ನು ಮರೆಯುವುದಿಲ್ಲ.

ತೊಂಬತ್ತರ ದಶಕದ ಮಧ್ಯದ ಒಂದು ವರ್ಷ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ವರ್ಷ ಬರೆಯದೇ ಇದ್ದದ್ದಕ್ಕೆ ಕಾರಣ ನಾನೇ.

ನಾವು ಆಗ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದೆವು. ರಸ್ತೆಗೆ, ಸೇತುವೆಗೆ ಸುರಿಯುವ ಕಾಂಕ್ರೀಟನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ನನಗೆ ಕೆಲಸ. ಕಾಂಕ್ರೀಟಿನ ಉರುಳೆಗಳನ್ನು ಯಂತ್ರದಲ್ಲಿಟ್ಟು, ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ನೋಡಿ ಬರೆದುಕೊಳ್ಳುವುದು. ಹೆಂಡತಿ ಊರ ಲೈಬ್ರರಿಯಲ್ಲಿ ಮಕ್ಕಳ ವಿಭಾಗದಲ್ಲಿದ್ದಳು. ಒಬ್ಬನೇ ಮಗ, ಇಲ್ಲೇ ಹುಟ್ಟಿದವನು. ಚಿಕ್ಕಂದಿನಿಂದ ಸಾಕರ್, ಅಂದರೆ ನಮ್ಮ ದುಂಡು ಚೆಂಡಿನ ಆಟ, ಆಡುತ್ತಿದ್ದ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ತಂಡದ ಕೋಚ್ ಒಂದು ಸಂಜೆ ಬೇಲಿಯಾಚೆಯಿಂದ ಅವನ ಒದೆತ ನೋಡಿ, ನಮ್ಮ ಕಡೆ ಬಾ ಎಂದು ಕರೆದುಕೊಂಡು ಹೋದ. ಎರಡು ವರ್ಷದಲ್ಲಿ ನಾರ್ತ್ ಕ್ಯಾರೊಲಿನಾದ ಒಂದು ಯೂನಿವರ್ಸಿಟಿ ಸ್ಕಾಲರ್‌ಶಿಪ್ ಕೊಟ್ಟು ಸೇರಿಸಿಕೊಂಡಿತು.

ನಾನು ಯಾವ ಆಟವನ್ನೂ ಆಡಿದವನಲ್ಲ. ಕಾಲೇಜಿನಲ್ಲಿ ಕ್ರಿಕೆಟ್ ತಂಡಕ್ಕೆ ಸ್ಕೋರ್ ಬರೆಯುತ್ತಿದ್ದೆ. ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಬೇರೆಯವರ ರನ್ನು ಬರೆದೇ ಮೂರು ವರ್ಷ ಕಳೆದೆ. ಇಲ್ಲಿಗೆ ಬಂದ ಮೇಲೂ ಅಷ್ಟೇ. ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಇದ್ದರೂ ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ನಿಂತವರ ಗುಂಪಿನಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೆಟ್ಟವರೆಂದಲ್ಲ, ನನ್ನ ಹತ್ತಿರ ಕೇಳುವುದಕ್ಕೆ ಅವರಿಗೆ ಏನೂ ಇರಲಿಲ್ಲ. ಮಗನ ಮೂರನೆಯ ವರ್ಷದಲ್ಲಿ ಅದು ಬದಲಾಯಿತು.

ಅಕ್ಕಪಕ್ಕದ ರಾಜ್ಯಗಳ ಕೆಲವು ಯೂನಿವರ್ಸಿಟಿಗಳು ಸೇರಿ ಮಾಡಿಕೊಂಡ ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮ ಕೂಟ ಮೇರಿಲ್ಯಾಂಡಿನಿಂದ ಕೆಳಗೆ ಹರಡಿ, ಎರಡು ಕ್ಯಾರೊಲಿನಾಗಳನ್ನು ದಾಟಿ, ಅಟ್ಲಾಂಟಾವನ್ನೂ ಮೀರಿ ಹೋಗುತ್ತಿತ್ತು. ಶನಿವಾರ ಶನಿವಾರ ಒಬ್ಬರನ್ನೊಬ್ಬರು ಎದುರಿಸುತ್ತಿದ್ದರು. ಕೊನೆಗೆ ಹೆಚ್ಚು ಗೆದ್ದವರು ಆ ವರ್ಷದ ಚಾಂಪಿಯನ್ನರು. ಮಗನ ತಂಡ ಯಾವತ್ತೂ ಪಟ್ಟಿಯ ಕೆಳಗಿನ ಸಾಲಿನದು. ಆ ವರ್ಷ ಅದು ಗೆಲ್ಲತೊಡಗಿತು. ಮೊದಲ ಎರಡು ಪಂದ್ಯ ಗೆದ್ದಾಗ ಅದೃಷ್ಟ ಎಂದರು. ಮೂರನೆಯದು ಅಟ್ಲಾಂಟಾದಲ್ಲಿ. ಕೊನೆಯ ನಿಮಿಷದಲ್ಲಿ ನನ್ನ ಮಗ ಬಹಳ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಅವನನ್ನು ಹುಡುಗರು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ನಾನು ನನಗೆ ಗೊತ್ತೇ ಇಲ್ಲದ ಒಬ್ಬ ಭಾರಿ ಗಾತ್ರದ ಮನುಷ್ಯನನ್ನು ತಬ್ಬಿಕೊಂಡು ಅಳುತ್ತಿದ್ದೆ. ನನ್ನ ಹೆಂಡತಿ ನಗುತ್ತಾ, “ರೀ, ಸಾಕು, ಅವರ ಶರ್ಟೆಲ್ಲ ಒದ್ದೆ ಮಾಡ್ತಿದೀರ” ಎಂದಳು.

ಸೋಮವಾರ ಲ್ಯಾಬಿಗೆ ಹೋದರೆ ಬಾಗಿಲಲ್ಲೇ ಚಪ್ಪಾಳೆ. ನಮ್ಮ ಮೇಲಧಿಕಾರಿ ಬಂದು ಕೈ ಕುಲುಕಿದ. ಅವತ್ತಿನಿಂದ ನನ್ನ ಹೆಸರು ‘ಕಿಕ್ಕರ್‌ನ ಅಪ್ಪ’ ಎಂದಾಯಿತು. ನನ್ನ ನಿಜವಾದ ಹೆಸರನ್ನು ಹೇಳಲು ಅವರಿಗೆ ಇಪ್ಪತ್ತು ವರ್ಷದಿಂದ ನಾಲಿಗೆ ತೊಡರುತ್ತಿತ್ತು; ಇದು ಸಲೀಸಾಗಿ ಬಂತು. ಸುಳ್ಳು ಹೇಳುವುದಿಲ್ಲ, ಆ ಹೆಸರು ನನಗೆ ಬಹಳ ಹಿಡಿಸಿತು. ಮಗನ ನಂಬರಿರುವ ಜೆರ್ಸಿಯನ್ನು ತರಿಸಿಕೊಂಡೆ. ಐವತ್ತು ದಾಟಿದವನು ಶುಕ್ರವಾರ ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಅಕ್ಟೋಬರಿನಲ್ಲಿ ತಂಡ ಮೇರಿಲ್ಯಾಂಡಿಗೆ ಬಂತು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ನಮ್ಮ ಕಡೆಯ ಎಂಟು ಸಂಸಾರಗಳು ಹೊರಟವು. ಹೆಂಗಸರು ಚಿತ್ರಾನ್ನ, ಕೋಡುಬಳೆ ಕಟ್ಟಿಕೊಂಡು ಬಂದಿದ್ದರು. ಅವರಲ್ಲಿ ಒಬ್ಬರಿಗೂ ಆಟದ ತಲೆಬುಡ ಗೊತ್ತಿರಲಿಲ್ಲ. ನನ್ನ ಮಗ ಮೈದಾನಕ್ಕೆ ಬಂದಾಗಲೆಲ್ಲ ಎದ್ದು ನಿಂತು ಕೂಗುತ್ತಿದ್ದರು. ಆಟ ಮುಗಿದ ಮೇಲೆ ಅವನು ಬೇಲಿಯ ಹತ್ತಿರ ಬಂದು, “ಥ್ಯಾಂಕ್ಸ್ ಅಂಕಲ್, ಥ್ಯಾಂಕ್ಸ್ ಆಂಟಿ, ಎಲ್ಲಾರು ಬಂದ್ರಿ, ತುಂಬಾ ಖುಷಿ” ಎಂದು ತನ್ನ ಹರಕು ಕನ್ನಡದಲ್ಲಿ ಹೇಳಿದ. ಹಿರಿಯರೊಬ್ಬರು ಅವನ ಹೆಲ್ಮೆಟ್ ಮುಟ್ಟಿ ಆಶೀರ್ವಾದ ಮಾಡಿದರು. ಅಂದು ಅವನು ಕಾರಿನವರೆಗೆ ನಮ್ಮ ಜೊತೆ ಬಂದಾಗ ಬಲಗಾಲನ್ನು ತುಸು ಎಳೆಯುತ್ತಿದ್ದ. ಹೆಂಡತಿ ನೋಡಿ ಕೇಳಿದಳು. “ಜಸ್ಟ್ ಟೈಟ್ ಇದೆ ಅಮ್ಮಾ” ಎಂದ.

ಎರಡು ವಾರದ ನಂತರ, ಬುಧವಾರ ಸಂಜೆ, ಫೋನ್ ಮಾಡಿದ. ನಾನೇ ಎತ್ತಿದೆ.

“ಅಪ್ಪಾ, ಲೆಗ್ ತುಂಬಾ ನೋವ್ತಾ ಇದೆ. ಮೇಲೆ, ಇಲ್ಲಿ, ಹಿಪ್ ಹತ್ರ. ಕಿಕ್ ಮಾಡಿದ್ರೆ ಏನೋ ಟೇರ್ ಆಗೋ ಥರ.”

“ಕೋಚ್‌ಗೆ ಹೇಳಿದೀಯಾ?”

“ಇಲ್ಲ. ಹೇಳಿದ್ರೆ ಹೊಸ ಹುಡುಗನ್ನ ಹಾಕ್ತಾರೆ. ಹೇಳ್ಬೇಕಾ ಅಂತ ನಿನ್ನ ಕೇಳೋಣ ಅಂತ.”

“ಇನ್ನೆಷ್ಟು ಮ್ಯಾಚ್ ಇದೆಯೋ?”

“ಟೂ.”

“ಎರಡೇ ಅಲ್ವೇನೋ. ಇಷ್ಟು ದೂರ ಬಂದು ಈಗ ಬೆಂಚಲ್ಲಿ ಕೂತ್ಕೋತೀಯಾ? ಐಸ್ ಇಟ್ಕೋ. ಎರಡು ಮುಗಿಸಿಬಿಡು, ಆಮೇಲೆ ಡಾಕ್ಟರ್‌ಗೆ ತೋರಿಸೋಣ.”

“ಓಕೆ ಅಪ್ಪಾ” ಎಂದ.

ಅಡುಗೆಮನೆಯಿಂದ ಹೆಂಡತಿ, “ಏನಂತೆ?” ಎಂದಳು. “ಏನಿಲ್ಲ, ಮ್ಯಾಚ್ ವಿಷಯ” ಎಂದೆ.

ಅವನು ತಾಯಿಯನ್ನು ಕೇಳದೆ ನನ್ನನ್ನು ಕೇಳಿದ್ದು ಏಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವಳನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದಳು, ಅದು ಅವನಿಗೆ ಗೊತ್ತಿತ್ತು. ನಾನು ಏನೆನ್ನುತ್ತೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೇನೆ. ಗೊತ್ತಿದ್ದೇ ಕೇಳಿದ್ದನೋ ಏನೋ.

ಆ ಎರಡರಲ್ಲಿ ಮೊದಲನೆಯ ಪಂದ್ಯ ಗೆದ್ದರು. ಅವನು ಒದ್ದದ್ದು ಎರಡೇ ಸಲ, ಎರಡೂ ಹತ್ತಿರದಿಂದ. ಉಳಿದದ್ದು ಕೊನೆಯ ಶನಿವಾರ, ಅವರದೇ ಮೈದಾನದಲ್ಲಿ, ಸೌತ್ ಕ್ಯಾರೊಲಿನಾದಿಂದ ಬಂದ ತಂಡದ ಎದುರು. ಗೆದ್ದರೆ ಕಾನ್ಫರೆನ್ಸ್ ಚಾಂಪಿಯನ್ನರು. ಆ ಪುಟ್ಟ ಊರಿನ ಅಂಗಡಿಗಳ ಗಾಜಿನ ಮೇಲೆಲ್ಲ ತಂಡದ ಬಣ್ಣ ಬಳಿದಿದ್ದರು. ಪೆಟ್ರೋಲ್ ಹಾಕಿಸಿಕೊಳ್ಳಲು ನಿಂತಲ್ಲಿ ಒಬ್ಬ ಹೆಂಗಸು ನನ್ನ ಜೆರ್ಸಿಯ ನಂಬರು ನೋಡಿ, “ಆ ಹುಡುಗ ಚಿನ್ನ ಕಣ್ರೀ” ಎನ್ನುವಂತೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. “ನನ್ನ ಮಗ” ಎಂದೆ. ಅವಳು ನನ್ನ ಎರಡೂ ಕೈ ಹಿಡಿದು ಅದುಮಿದಳು.

ಆಟಗಾರರ ಮನೆಯವರಿಗೆಂದು ಮೀಸಲಾದ ಜಾಗದಲ್ಲಿ ನಮಗೆ ನಾಲ್ಕು ಸೀಟು ಸಿಗುತ್ತಿತ್ತು. ಅಂದು ವರ್ಜೀನಿಯಾದ ಹರ್ನ್‌ಡನ್ನಿನಿಂದ ನಮ್ಮ ಸ್ನೇಹಿತರೊಬ್ಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಷ್ಟು ದೂರ ಬಂದಿದ್ದರು. ಮಕ್ಕಳು ಹತ್ತಿರದಿಂದ ನೋಡಲಿ ಎಂದು ಆ ಸೀಟುಗಳನ್ನು ಅವರಿಗೆ ಕೊಟ್ಟು, ನಾನೂ ಹೆಂಡತಿಯೂ ಬೇರೆ ಟಿಕೆಟ್ ಕೊಂಡು ಎದುರು ಬದಿಯ ಎತ್ತರದ ಸಾಲಿನಲ್ಲಿ ಕೂತೆವು. ಸುತ್ತ ಎಲ್ಲರೂ ಊರಿನವರು. ಬಿಸಿಲಿತ್ತು, ಆದರೆ ಗಾಳಿ ಕೊರೆಯುತ್ತಿತ್ತು. ಜೆರ್ಸಿಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡೆ. ನಂಬರು ಕಾಣಲಿ ಎಂದು ಜಿಪ್ ತೆರೆದೇ ಇಟ್ಟಿದ್ದೆ.

ಆಟ ಉದ್ದಕ್ಕೂ ಬಿಗಿಯಾಗಿತ್ತು. ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದರಲ್ಲಿ ಅವನು ಒಂದು ಒದೆತ ತಪ್ಪಿದ. ದೂರದ್ದು, ಯಾರೂ ಹೆಚ್ಚೇನೂ ಅನ್ನಲಿಲ್ಲ. ನನ್ನ ಮುಂದಿನ ಸಾಲಿನಲ್ಲಿದ್ದ, ನನ್ನದೇ ವಯಸ್ಸಿನ, ಕಿವಿ ಮುಚ್ಚುವ ಟೋಪಿಯ ಮನುಷ್ಯ ಮಾತ್ರ, “ಕಾಲು ಎತ್ತುತ್ತಲೇ ಇಲ್ಲವಲ್ಲ ಇವನು” ಎಂದು ಪಕ್ಕದವನಿಗೆ ಹೇಳಿದ. ಹೆಂಡತಿ ಅವನು ಬೆಂಚಿಗೆ ನಡೆದು ಹೋಗುವುದನ್ನೇ ನೋಡುತ್ತಾ, “ರೀ, ಅವನು ಕುಂಟ್ತಾ ಇದಾನೆ” ಎಂದಳು. ನಾನು ಸ್ಕೋರ್‌ಬೋರ್ಡ್ ನೋಡಿದೆ.

ಕೊನೆಗೆ ಬಂದು ನಿಂತದ್ದು ಹೀಗೆ: ನಮ್ಮವರು ಎರಡು ಅಂಕ ಹಿಂದಿದ್ದಾರೆ, ಗಡಿಯಾರದಲ್ಲಿ ಕೆಲವೇ ಸೆಕೆಂಡು, ಚೆಂಡು ಕಂಬದಿಂದ ಅಷ್ಟೇನೂ ದೂರವಿಲ್ಲ. ಮೂರು ಅಂಕದ ಒಂದು ಒದೆತ. ಅಂಥದ್ದನ್ನು ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿ ಅವನು ನೂರು ಸಲ ಒದ್ದು ನೂರು ಸಲವೂ ದಾಟಿಸಿದ್ದನ್ನು ನಾನು ಎಣಿಸಿದ್ದೇನೆ. ಮೈದಾನಕ್ಕೆ ಓಡಿ ಬಂದ. ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಪಕ್ಕಕ್ಕೆ. ಸಾವಿರಾರು ಜನ ಎದ್ದು ನಿಂತಿದ್ದರು. ಚೆಂಡು ಬಂತು, ಹಿಡಿದವನು ಊರಿದ, ಇವನು ಒದ್ದ.

ಚೆಂಡು ಮೇಲೇಳಲೇ ಇಲ್ಲ. ತಗ್ಗಿನಲ್ಲೇ ತೂರಾಡುತ್ತಾ ಹೋಗಿ ಎಡಗಂಬದ ಹೊರಗೆ ಬಿತ್ತು. ಅವನು ಒದ್ದ ಜಾಗದಲ್ಲೇ ಕೂತುಬಿಟ್ಟಿದ್ದ, ತೊಡೆಯ ಮೇಲ್ಭಾಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಆ ಸದ್ದನ್ನು ಹೇಗೆ ಹೇಳುವುದು? ಮೊದಲು ಒಂದು ದೊಡ್ಡ ನಿಟ್ಟುಸಿರು. ಆಮೇಲೆ ಬೈಗುಳ. ನನ್ನ ಹಿಂದಿನಿಂದ ಯಾರೋ, “ಏಳೋ, ನಾಟಕ ಆಡಬೇಡ” ಎಂದು ಕೂಗಿದ. ಇನ್ನೊಬ್ಬ, “ಅವನ ದೇಶಕ್ಕೆ ಕಳಿಸಿ, ಒಂಟೆ ಕಾಯಲಿ” ಎಂದ. ಜನ ನಕ್ಕರು. ಒಬ್ಬ ಹೆಂಗಸು ಅಳುತ್ತಲೇ ಅವನ ನಂಬರು ಹೇಳಿ ಶಾಪ ಹಾಕುತ್ತಿದ್ದಳು. ಅವಳ ಮಡಿಲಲ್ಲಿ ಮಗುವಿತ್ತು.

ಆಗ ಮುಂದಿನ ಸಾಲಿನ ಟೋಪಿಯವನು ತಿರುಗಿದ. ಮುಖ ಕೆಂಪಾಗಿತ್ತು, ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಕುತೂಹಲ. ನನ್ನನ್ನೂ ಹೆಂಡತಿಯನ್ನೂ ನೋಡಿ ಕೇಳಿದ: “ಆ ಕಿಕ್ಕರ್, ನಿಮ್ಮವನಾ?”

ನನ್ನ ಕೈ ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದಿತ್ತು. ಯಾವಾಗ ಎಳೆದೆನೋ ಗೊತ್ತಿಲ್ಲ.

“ಇಲ್ಲ,” ಎಂದೆ. “ನಮಗೆ ಅವನು ಗೊತ್ತಿಲ್ಲ.”

ಅವನು ತಲೆಯಾಡಿಸಿ ಮತ್ತೆ ಮೈದಾನದ ಕಡೆ ತಿರುಗಿದ. ಅಷ್ಟೇ ನಡೆದದ್ದು. ಹೆದರಿದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಮನುಷ್ಯ ನನಗೇನೂ ಮಾಡುತ್ತಿರಲಿಲ್ಲ. ಪಾಪ ಎಂದು ಒಂದು ಮಾತು ಹೇಳುತ್ತಿದ್ದನೋ ಏನೋ. ನನಗೆ ಆದದ್ದು ನಾಚಿಕೆ. ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಕೇಳದೇ ಇದ್ದವಳಿಗೂ ಹೇಳಿಕೊಂಡಿದ್ದವನು, ಸಂಜೆ ಕೇಳಿದವನಿಗೆ ಇಲ್ಲ ಎಂದೆ.

ಆಟ ಮುಗಿದ ಮೇಲೆ ಆಟಗಾರರು ಹೊರಬರುವ ಗೇಟಿನ ಹತ್ತಿರ ತಂದೆ ತಾಯಿಯರು ಕಾಯುವುದು ವಾಡಿಕೆ. ನಾನು, “ನಡಿ, ಟ್ರಾಫಿಕ್ ಆಗತ್ತೆ, ಮೋಟೆಲ್‌ಗೆ ಹೋಗಿ ಫೋನ್ ಮಾಡೋಣ” ಎಂದೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು. “ನೀವು ಹೋಗಿ ಕಾರಲ್ಲಿ ಕೂತ್ಕೊಳಿ” ಎಂದು ಹೇಳಿ ಜನರನ್ನು ತಳ್ಳಿಕೊಂಡು ಗೇಟಿನ ಕಡೆ ಇಳಿದು ಹೋದಳು. ನಾನು ಹೋಗಿ ಕಾರಿನಲ್ಲಿ ಕೂತೆ. ಸುತ್ತಲಿನ ಕಾರುಗಳೆಲ್ಲ ಒಂದೊಂದಾಗಿ ಹೊರಟುಹೋದವು. ಒಂದು ಗಂಟೆಯ ಮೇಲೆ ಅವಳು ಒಬ್ಬಳೇ ಬಂದಳು.

“ಕ್ರಚಸ್ ಕೊಟ್ಟಿದಾರೆ. ನಾಳೆ ಸ್ಕ್ಯಾನ್ ಮಾಡ್ತಾರಂತೆ.”

“ಏನಂದ?”

“ಅಪ್ಪ ಎಲ್ಲಿ ಅಂದ.”

“ನೀನೇನಂದೆ?”

“ಕಾರಲ್ಲಿದಾರೆ ಅಂದೆ.”

ಮರುದಿನ ಅವಳು ಮಗನ ಜೊತೆ ಆಸ್ಪತ್ರೆಗೆ ಹೋಗುತ್ತೇನೆಂದು ಅಲ್ಲೇ ಉಳಿದಳು. ನನಗೆ ಸೋಮವಾರ ಕೆಲಸವಿತ್ತು. ಅಥವಾ ಕೆಲಸವಿದೆ ಎಂದೆ. ಹೊರಡುವ ಮೊದಲು ಅವನ ಹಾಸ್ಟೆಲಿನ ಕೋಣೆಗೆ ಹೋದೆ. ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ್ದ. ಕೋಣೆಯ ಬಾಗಿಲಿನ ಮೇಲೆ ಯಾರೋ ದಪ್ಪ ಪೆನ್ನಿನಲ್ಲಿ ಬರೆದದ್ದನ್ನು ಅವನ ಜೊತೆಯ ಹುಡುಗ ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದ. ಆನ್ಸರಿಂಗ್ ಮೆಷಿನ್ನಿನ ಕೆಂಪು ದೀಪ ಮಿಣುಗುತ್ತಿತ್ತು. ಬೈಯುವ ಕರೆಗಳಿಂದ ಟೇಪು ತುಂಬಿಹೋಗಿದೆ ಎಂದು ಆ ಹುಡುಗನೇ ಹೇಳಿದ. “ಪರವಾಗಿಲ್ಲ ಬಿಡೋ” ಎಂದೆ ಮಗನಿಗೆ. “ಓಕೆ” ಎಂದ. ಆ ಐದು ನಿಮಿಷದಲ್ಲಿ ನಾವಿಬ್ಬರೂ ಆಡಿದ್ದು ಅಷ್ಟೇ ಎಂದು ನೆನಪು.

ಮಂಗಳವಾರ ಹೆಂಡತಿ ಮನೆಗೆ ಬಂದಳು. ಕೈಚೀಲ ಇಳಿಸದೆ ಬಾಗಿಲಲ್ಲೇ ನಿಂತು ಹೇಳಿದಳು: “ಮಾಂಸಖಂಡ ಮೂಳೆಯಿಂದ ಕಿತ್ತು ಬಂದಿದೆ. ಮೊದಲೇ ಹರಿದಿತ್ತಂತೆ, ಅದರ ಮೇಲೇ ಒದ್ದಿದಾನೆ. ಎಷ್ಟು ದಿನದಿಂದ ನೋವಿತ್ತು ಅಂತ ಡಾಕ್ಟರ್ ಕೇಳಿದ್ರು. ಮೂರ್ನಾಲ್ಕು ವಾರ ಅಂದ. ಯಾಕೆ ಯಾರಿಗೂ ಹೇಳ್ಲಿಲ್ಲ ಅಂದ್ರು. ಸುಮ್ನಾದ. ಹೊರಗೆ ಬಂದ ಮೇಲೆ ನಾನು ಕೇಳ್ದೆ. ಅಪ್ಪಂಗೆ ಹೇಳಿದ್ದೆ ಅಂದ.”

ನಾನು ಟೇಬಲ್ಲಿನ ಮುಂದೆ ಕೂತಿದ್ದೆ.

“ಹೇಳಿದ್ನಾ?”

“ಹೇಳಿದ್ದ.”

ಅವಳು ಬೈಯಲಿಲ್ಲ. ಬೈದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಅಡುಗೆ ಮಾಡಿದಳು, ಬಡಿಸಿದಳು, ಮೇಲೆ ಮಗನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಚಳಿಗಾಲವೆಲ್ಲ ಅಲ್ಲೇ ಮಲಗಿದಳು.

ಲ್ಯಾಬಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಒಬ್ಬಿಬ್ಬರು ಬೆನ್ನು ತಟ್ಟಿದರು. ಕಾಫಿಯ ಹತ್ತಿರದ ಗುಂಪು ನಾನು ಬಂದರೆ ಮಾತು ಬದಲಾಯಿಸುತ್ತಿತ್ತು, ಕನಿಕರದಿಂದಲೇ. ಎರಡು ವಾರದಲ್ಲಿ ನಾನು ಹಿಂದಿನ ಹಾಗೆಯೇ ಆದೆ. ನಮ್ಮ ಕನ್ನಡದವರು ಫೋನ್ ಮಾಡಿ, ಓದು ಮುಖ್ಯ, ಆಟ ಏನು ಮಹಾ, ಎಂದು ಸಮಾಧಾನ ಹೇಳಿದರು. ಆ ಮಾತುಗಳಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಹರ್ನ್‌ಡನ್ನಿನ ಸ್ನೇಹಿತರು ಮಾತ್ರ ಫೋನ್ ಮಾಡಲಿಲ್ಲ. ಕುಟುಂಬದವರ ಸೀಟಿನಲ್ಲಿ ಕೂತಿದ್ದ ಅವರನ್ನೇ ಅವನ ಅಪ್ಪ ಅಮ್ಮ ಎಂದು ತಿಳಿದು ಯಾರೋ ಸೋಡಾ ಎರಚಿದ್ದರಂತೆ. ಅವರ ಚಿಕ್ಕ ಮಗಳು ದಾರಿಯುದ್ದಕ್ಕೂ ಅಳುತ್ತಿದ್ದಳಂತೆ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನನಗೆ ಬರಬೇಕಾದದ್ದನ್ನು ಅವರು ಉಂಡಿದ್ದರು. ಕ್ಷಮೆ ಕೇಳಲು ಹೋದೆ. “ಅಯ್ಯೋ ಬಿಡಿ ಸಾರ್, ಆಗಿದ್ದಾಯ್ತು” ಎಂದರು, ಕಾಫಿ ಕೊಟ್ಟರು. ಆದರೆ ಹಿಂದಿನ ಬಳಕೆ ಮತ್ತೆ ಬರಲಿಲ್ಲ.

ಮಗ ಡಿಸೆಂಬರಿನಲ್ಲಿ ಯೂನಿವರ್ಸಿಟಿ ಬಿಟ್ಟ. ಕಾಲಿಗೆ ಆಪರೇಷನ್ ಆಯಿತು. ಮನೆಗೆ ಬರುತ್ತಾನೆಂದು ಹೆಂಡತಿ ಕೆಳಗಿನ ಕೋಣೆಗೆ ಹಾಸಿಗೆ ಇಳಿಸಿ ಇಟ್ಟಿದ್ದಳು, ಮೆಟ್ಟಿಲು ಹತ್ತುವುದು ಬೇಡವೆಂದು. ಅವನು ಬರಲಿಲ್ಲ. ಅದೇ ರಾಜ್ಯದ ಷಾರ್ಲೆಟ್ಟಿನಲ್ಲಿ ಜೊತೆಯ ಆಟಗಾರನೊಬ್ಬನ ಮನೆಯವರು ಇಟ್ಟುಕೊಂಡರು. ಅವರ ಪರಿಚಯದಿಂದಲೇ ಕನ್ನಡಕದ ಗಾಜು ಅರೆದು ಕೂಡಿಸುವ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕೂತು ಮಾಡುವ ಕೆಲಸ. ಹೆಂಡತಿ ಎರಡು ತಿಂಗಳಿಗೊಮ್ಮೆ ತಾನೇ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದಳು. ಅದಕ್ಕೆ ಮೊದಲು ಅವಳು ಹೈವೇಯಲ್ಲಿ ಅಷ್ಟು ದೂರ ಒಬ್ಬಳೇ ಹೋದವಳಲ್ಲ. “ನಾನೂ ಬರ್ಲಾ?” ಎಂದು ಒಮ್ಮೆ ಕೇಳಿದೆ. “ಅವನು ಕರೆದಾಗ ಬನ್ನಿ” ಎಂದಳು.

ಅವನು ಕರೆಯಲಿಲ್ಲ. ಒಂದೂವರೆ ವರ್ಷ ಕಾದು, ಒಂದು ದಿನ ಹೆಂಡತಿಗೂ ಹೇಳದೆ ಲ್ಯಾಬಿಗೆ ರಜೆ ಹಾಕಿ ನಾನೇ ಹೊರಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಕೆಲಸ ಮಾಡುವ ಕಟ್ಟಡದ ಮುಂದೆ ನಿಂತಿದ್ದೆ. ಹೊರಗೆ ಬಂದ. ಸಣ್ಣಗಾಗಿದ್ದ. ಬಲಗಾಲು ಹೊರಕ್ಕೆ ಸ್ವಲ್ಪ ತಿರುಗಿ ಬೀಳುತ್ತಿತ್ತು. ನನ್ನನ್ನು ನೋಡಿ ನಿಂತ.

“ಅಮ್ಮಂಗೆ ಏನಾದ್ರು ಆಯ್ತಾ?”

“ಇಲ್ಲ, ಇಲ್ಲ. ಚೆನ್ನಾಗಿದಾಳೆ. ನಾನೊಬ್ಬನೇ ಬಂದೆ.”

ರಸ್ತೆಯಾಚೆಯ ಸಣ್ಣ ಹೋಟೆಲಿನಲ್ಲಿ ಕೂತೆವು. ಅವನಿಗೆ ಅರ್ಧ ಗಂಟೆ ಮಾತ್ರ ಬಿಡುವಿತ್ತು. ಬರುವಾಗ ಆರು ಗಂಟೆ ಕಾರಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನ್ನೆಲ್ಲ ಬಿಟ್ಟು ನೇರವಾಗಿ ಹೇಳಿಬಿಟ್ಟೆ. ಆ ಟೋಪಿಯವನು ಕೇಳಿದ್ದು, ನಾನು ಇಲ್ಲ ಎಂದದ್ದು.

ಅವನು ಬ್ರೆಡ್ಡಿನ ತುಂಡೊಂದನ್ನು ತಟ್ಟೆಯ ಅಂಚಿಗೆ ಸರಿಸಿದ.

“ಗೊತ್ತು,” ಎಂದ. “ಅಮ್ಮ ಹೇಳಿದ್ಲು. ನಾನೇ ಕೇಳ್ದೆ, ಅಪ್ಪ ಗೇಟ್ ಹತ್ರ ಯಾಕೆ ಬರ್ಲಿಲ್ಲ ಅಂತ. ಫಸ್ಟ್ ಹೇಳ್ಲಿಲ್ಲ. ಆಮೇಲೆ ಹೇಳಿದ್ಲು.”

“ತಪ್ಪಾಯ್ತು ಕಣೋ.”

“ದಟ್ಸ್ ಓಕೆ. ರಿಯಲಿ. ಅಷ್ಟು ಜನ ಯೆಲ್ ಮಾಡ್ತಾ ಇದ್ರು. ಐ ಗೆಟ್ ಇಟ್.” ಲೋಟದ ನೀರು ಕುಡಿದ. ಆಮೇಲೆ ಕನ್ನಡದ ಪದಗಳನ್ನು ಹುಡುಕಿ ಹುಡುಕಿ ಹೇಳಿದ: “ಬಟ್ ಅಪ್ಪಾ, ಆ ವೆನ್ಸ್‌ಡೇ ನಾನು ಫೋನ್ ಮಾಡ್ದೆ ಅಲ್ವಾ. ಅದಾದ್ಮೇಲೆ ನೀನು ನಂಗೆ ನಾಲ್ಕು ಸಲ ಕಾಲ್ ಮಾಡ್ದೆ. ನಾಲ್ಕು ಸಲ. ಪ್ರಾಕ್ಟೀಸ್ ಹೆಂಗಿತ್ತು, ಕೋಚ್ ಏನಂದ್ರು, ನ್ಯೂಸ್‌ಪೇಪರ್‌ನಲ್ಲಿ ಏನು ಬಂತು. ಒಂದ್ ಸಲಾನೂ ಲೆಗ್ ಹೆಂಗಿದೆ ಅಂತ ಕೇಳ್ಲಿಲ್ಲ. ನಾನು ವೇಟ್ ಮಾಡ್ತಾ ಇದ್ದೆ. ಕೇಳಿದ್ರೆ ಹೇಳೋಣ ಅಂತ. ಇಟ್ ವಾಸ್ ರಿಯಲಿ ಬ್ಯಾಡ್ ಬೈ ದೆನ್.”

ನಾನು ಒಪ್ಪಿಸಲು ಹೊತ್ತು ತಂದಿದ್ದ ತಪ್ಪೇ ಬೇರೆ. ಅದನ್ನು ಅವನು ಯಾವತ್ತೋ ಬಿಟ್ಟುಬಿಟ್ಟಿದ್ದ. ಇದು ತಪ್ಪೆಂದು ನನಗೆ ಹೊಳೆದೂ ಇರಲಿಲ್ಲ. ಮೊದಲನೆಯದನ್ನು ಎಲ್ಲರ ನಡುವೆ, ಒಂದು ಕ್ಷಣದಲ್ಲಿ ಮಾಡಿದ್ದೆ. ಎರಡನೆಯದನ್ನು ನಮ್ಮ ಮನೆಯ ಸೋಫಾದ ಮೇಲೆ ಆರಾಮಾಗಿ ಕೂತು, ನಗುತ್ತಾ, ನಾಲ್ಕು ಸಲ ಮಾಡಿದ್ದೆ.

ಗಡಿಯಾರ ನೋಡಿ ಎದ್ದ. “ಐ ಹ್ಯಾವ್ ಟು ಗೋ. ಹುಷಾರಾಗಿ ಡ್ರೈವ್ ಮಾಡು” ಎಂದ. ರಸ್ತೆ ದಾಟುವಾಗ ಒಂದು ಟ್ರಕ್ಕಿಗೆ ದಾರಿ ಬಿಟ್ಟು ನಿಂತು, ಆಮೇಲೆ ನಿಧಾನವಾಗಿ ದಾಟಿದ. ಅವನಿಗೆ ಓಡಲು ಆಗುವುದಿಲ್ಲ ಎಂದು ಅಲ್ಲಿ ಗೊತ್ತಾಯಿತು.

ಮುಂದೆ ಅವನು ಸಂಜೆ ಕಾಲೇಜಿಗೆ ಸೇರಿ ಓದು ಮುಗಿಸಿದ, ಕನ್ನಡಕದ ಅಂಗಡಿಯೊಂದನ್ನು ನೋಡಿಕೊಳ್ಳುವಷ್ಟಾದ. ಷಾರ್ಲೆಟ್ಟಿನಲ್ಲೇ ಉಳಿದ. ಕಾಲು ಪೂರ್ತಿ ಸರಿಹೋಗಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಎರಡು ದಿನ ಮನೆಗೆ ಬರತೊಡಗಿದ. ನನ್ನ ಜೊತೆ ಜಗಳವಿಲ್ಲ, ಮುನಿಸಿಲ್ಲ. ಕಾರಿನ ಎಂಜಿನ್ ಆಯಿಲ್ ಬದಲಾಯಿಸುತ್ತಾನೆ, ಕಂಪ್ಯೂಟರ್ ಸರಿಮಾಡುತ್ತಾನೆ, ಟಿವಿಯಲ್ಲಿ ಹವಾಮಾನ ನೋಡುತ್ತಾನೆ. ಯಾವ ನಿರ್ಧಾರಕ್ಕೂ ಮತ್ತೆ ನನ್ನನ್ನು ಏನೂ ಕೇಳಿಲ್ಲ. ಮನೆ ಕೊಂಡಾಗ, ಮದುವೆ ಗೊತ್ತಾದಾಗ, ಎಲ್ಲ ಆದ ಮೇಲೆ ತಿಳಿಸಿದ.

ದಶಕ ಮುಗಿಯುವ ಹೊತ್ತಿನಲ್ಲಿ ಒಮ್ಮೆ ನಾನೂ ಹೆಂಡತಿಯೂ ಅವನ ಮನೆಗೆ ಹೋಗಿ ಹಿಂತಿರುಗುತ್ತಿದ್ದೆವು. ಭಾನುವಾರ, ವರ್ಜೀನಿಯಾದ ಗಡಿ ದಾಟಿದ್ದೆವು, ಹೊರಗೆ ತುಂತುರು ಮಳೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಅವತ್ತು ಆ ಮನುಷ್ಯ ನಮ್ಮಿಬ್ಬರನ್ನೂ ನೋಡಿ ಕೇಳಿದ್ದು, ಅಲ್ವಾ?”

“ಯಾವ ಮನುಷ್ಯ?” ಎಂದೆ, ಗೊತ್ತಿದ್ದೂ.

“ನೀವು ಇಲ್ಲ ಅಂದ್ರಿ. ನನಗೂ ಬಾಯಿತ್ತಲ್ಲ. ನನ್ನ ಮಗ ಅನ್ನಬಹುದಾಗಿತ್ತು. ನೀವು ಅಂದ ಮೇಲೂ ಅನ್ನಬಹುದಾಗಿತ್ತು. ಮಗನಿಗೆ ನಿಮ್ಮ ವಿಷಯ ಹೇಳ್ದೆ. ನನ್ನ ವಿಷಯ ಇವತ್ತಿಗೂ ಹೇಳಿಲ್ಲ.”

ನಾನು ವೈಪರ್ ಜೋರು ಮಾಡಿದೆ.

“ಹೇಳ್ಬೇಡ,” ಎಂದೆ ಕಡೆಗೆ. “ಅವನಿಗೆ ನೀನಾದ್ರೂ ಇರು.”

ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಕಾಫಿ ಕುಡಿದೆವು. ಉಳಿದ ದಾರಿಯನ್ನು ಅವಳು ಓಡಿಸಿದಳು.